ಸಮಷ್ಟಿಯ ಹೆಸರೂ ವ್ಯಕ್ತಿಯ ಪ್ರತಿಭಟನೆಯೂ

ವಿಶ್ವಜಿದ್ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಕ್ಷಿಣೆಯಾಗಿ ಕೊಡತಕ್ಕದ್ದೆಂದು ವಿಧಿಯುಂಟು. ಯಜಮಾನನು ಸಾರ್ವಭೌಮನಾದರೆ ಭೂಮಿಯನ್ನೂ ಕೊಡಬೇಕೇ ಎಂಬ ವಿಚಾರವು ಜೈಮಿನಿಸೂತ್ರಗಳ ಆರನೆಯ ಅಧ್ಯಾಯದಲ್ಲಿ ಬಂದಿದೆ. ಭೂಮಿಯು ಸರ್ವರಿಗೂ ಸಮಾನವಾದುದರಿಂದ ದೇಯವಲ್ಲವೆಂಬುದು ಅಲ್ಲಿನ ಸಿದ್ಧಾಂತ. ಎಲ್ಲರದೆಂಬ ಕಾರಣದಿಂದಲೇ ಅದು ಅರಸನದಾಗದು. ಹಾಗಾದರೆ, ಆಳುವವರು ಸಮಷ್ಟಿಯ ಹೆಸರಿನಲ್ಲಿ ಭೂಮಿಯ ಮೇಲೆ ಕೈಯಿಟ್ಟಾಗ ಒಬ್ಬ ವ್ಯಕ್ತಿಯು ಮಾಡಬಲ್ಲುದೇನು? ಸ್ವತಂತ್ರ ಭಾರತದ ಚರಿತ್ರೆಯಲ್ಲಿ ಮೂರು ಮಾರ್ಗಗಳು ಕಂಡುಬರುತ್ತವೆ.

ಮೊದಲನೆಯದು ಸಭೆಯೊಳಗಿನ ವಾದ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯವನ್ನು ದೇಶದ ಮುಂದಿನ ಕೃಷಿಕ್ರಮವನ್ನಾಗಿ ಅಂಗೀಕರಿಸಿತು. ಹೊಲಗಳನ್ನು ಒಟ್ಟುಗೂಡಿಸತಕ್ಕದ್ದು, ಒಡೆತನದ ಹಕ್ಕು ಮಾತ್ರ ರೈತನಲ್ಲಿ ಉಳಿಯತಕ್ಕದ್ದು. ನೆಹರೂ ಅವರ ಸಮ್ಮುಖದಲ್ಲಿಯೇ ಚರಣಸಿಂಗರು ಇದನ್ನು ವಿರೋಧಿಸಿದರು. ನೆಲವು ಕಡಮೆಯಾಗಿ ದುಡಿಯುವ ಕೈಗಳು ಹೆಚ್ಚಾಗಿರುವ ದೇಶದಲ್ಲಿ ಸಣ್ಣ ಹಿಡುವಳಿಯೇ ಎಕರೆಗೆ ಅಧಿಕ ಫಲವನ್ನು ಕೊಡುವುದೆಂಬುದು ಅವರ ವಾದಸಾರ. ನಿರ್ಣಯವೇನೋ ಅಂಗೀಕೃತವಾಯಿತು, ಆದರೆ ಕೂಡುಬೇಸಾಯವು ದೇಶದಲ್ಲಿ ಎಂದೂ ಬೇರೂರಲಿಲ್ಲ.

ಎರಡನೆಯದು ತ್ಯಾಗ. ರೈತನಾಯಕರಾದ ಎನ್. ಜಿ. ರಂಗಾ ಅವರು ಕಾಂಗ್ರೆಸ್ಸನ್ನು ಬಿಟ್ಟರು. ಎಂಬತ್ತು ವಯಸ್ಸು ಕಳೆದಿದ್ದ ರಾಜಾಜಿಯವರು ಅದೇ ವರ್ಷ ಸ್ವತಂತ್ರ ಪಕ್ಷವನ್ನು ಕಟ್ಟಿದರು. ರಂಗಾ ಅವರು ಅದರ ಅಧ್ಯಕ್ಷರಾದರು. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನಗಳು ದೊರೆತವು. 1974ರಲ್ಲಿ ಅದು ಚರಣಸಿಂಗರ ನಾಯಕತ್ವದ ಭಾರತೀಯ ಲೋಕದಳದಲ್ಲಿ ಲೀನವಾಯಿತು. ಹೀಗೆ ಮೊದಲೆರಡು ಮಾರ್ಗಗಳು ಕೊನೆಗೆ ಒಂದೆಡೆ ಕೂಡಿದವು.

ಮೂರನೆಯದು ನ್ಯಾಯಸ್ಥಾನ. ಇದು ಕನ್ನಡಿಗರಿಗೆ ಸಮೀಪವಾದುದು. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀಸ್ವಾಮಿಗಳು, ಕೇರಳದ ಭೂಸುಧಾರಣಾ ಶಾಸನವು ಮಠದ ಭೂಮಿಯನ್ನು ಮುಟ್ಟಿದಾಗ, 1970ರಲ್ಲಿ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ಅವರ ಪಕ್ಷವನ್ನು ನಾನಿ ಪಾಲ್ಖಿವಾಲಾ ಅವರು ಪ್ರತಿಪಾದಿಸಿದರು. 13 ಮಂದಿ ನ್ಯಾಯಾಧೀಶರು 68 ದಿನ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು ತೀರ್ಪಿತ್ತರು. ಏಳು ಮಂದಿಯ ಬಹುಮತದಿಂದ ನಿರ್ಣಯವಾದುದಿಷ್ಟು: ಪಾರ್ಲಿಮೆಂಟು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು.

ಇಲ್ಲಿ ಪೂರ್ವಪಕ್ಷವೊಂದುಂಟು. ಮಠಗಳೂ ಜಮೀನ್ದಾರರೂ ತಮ್ಮ ಸ್ವತ್ತಿಗಾಗಿ ವಾದಿಸಿದರಲ್ಲದೆ ಗೇಣಿದಾರನ ಕಷ್ಟವನ್ನು ನೋಡಲಿಲ್ಲವೆಂದು ಕೆಲವರು ಹೇಳಬಹುದು. ಈ ಆಕ್ಷೇಪವು ನಿರಾಧಾರವಲ್ಲ. ಉಳುವವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಆದರೆ ತೀರ್ಪಿನ ಪರಿಣಾಮವನ್ನು ಗಮನಿಸಬೇಕು. ಕೇರಳದ ಶಾಸನಕ್ಕೆ ರಕ್ಷೆಯಿತ್ತಿದ್ದ 29ನೆಯ ತಿದ್ದುಪಡಿಯು ಉಳಿಯಿತು. ಸ್ವಾಮಿಗಳು ಬಯಸಿದ ಪರಿಹಾರವು ಅವರಿಗೆ ದೊರೆಯಲಿಲ್ಲ. ಎಂದರೆ ಗೇಣಿದಾರನ ನ್ಯಾಯಕ್ಕೂ ಆಳುವವರ ಅಧಿಕಾರಕ್ಕೆ ಮೇರೆಯಿರಬೇಕೆಂಬುದಕ್ಕೂ ವಿರೋಧವಿಲ್ಲವೆಂದಾಯಿತು. 1975ರ ನವೆಂಬರಿನಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಪ್ರಧಾನಮಂತ್ರಿಯ ಚುನಾವಣೆಯನ್ನು ನ್ಯಾಯವಿಚಾರಣೆಗೆ ಹೊರತಾಗಿಸಿದ 39ನೆಯ ತಿದ್ದುಪಡಿಯ ಭಾಗವು ಈ ಸಿದ್ಧಾಂತದ ಬಲದಿಂದಲೇ ಬಿದ್ದುಹೋಯಿತು. ಆ ವಿವಾದದಲ್ಲಿ ಮಠದ ಹೊಲದ ಪ್ರಸಕ್ತಿಯೇ ಇರಲಿಲ್ಲ.

ಆದುದರಿಂದ ವ್ಯಕ್ತಿಯ ಪ್ರತಿಭಟನೆಯ ಬೆಲೆಯನ್ನು ಅವನು ಪಡೆದುಕೊಂಡ ಸ್ವತ್ತಿನಿಂದ ಅಳೆಯಲಾಗದು. ನಾಗಪುರದಲ್ಲಿ ಮತದಿಂದ ಸೋತವರ ಅಭಿಪ್ರಾಯವು ಹೊಲಗಳಲ್ಲಿ ಉಳಿಯಿತು. ದೆಹಲಿಯಲ್ಲಿ ತಮ್ಮ ಭೂಮಿಯನ್ನು ಉಳಿಸಿಕೊಳ್ಳದ ಯತಿಗಳ ಹೆಸರು ಎಲ್ಲರ ರಕ್ಷೆಯಾಗಿ ಉಳಿಯಿತು. 2020ರಲ್ಲಿ ಅವರು ಬ್ರಹ್ಮೀಭೂತರಾದರು. ಎಲ್ಲರದಾದುದನ್ನು ಎಲ್ಲರ ಹೆಸರಿನಲ್ಲಿ ಒಬ್ಬನು ತನ್ನದಾಗಿಸಿಕೊಳ್ಳಬಾರದೆಂಬ ಮೀಮಾಂಸಕರ ನ್ಯಾಯವು ಈ ಕಾಲದಲ್ಲಿಯೂ ವಿಚಾರಾರ್ಹವೆಂದು ವಿದ್ವಾಂಸರು ಒಪ್ಪುವರೆಂದು ನಂಬುತ್ತೇವೆ.