ಹಡಗು ಹತ್ತಲು ಎರಡು ಡೋಸ್, ಒಂದು ಕಡ್ಡಿ

ಕಳೆದ ತಿಂಗಳು ನಮ್ಮ ಮಹಿಳಾ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಬಂತು. ಈ ಸಲ ಮಹಾಬಲೇಶ್ವರ ಬೇಡ, ಪುಣೆಯಿಂದ ಮುಂಬೈಗೆ ಹೋಗಿ ಅಲ್ಲಿಂದ ಎರಡು ರಾತ್ರಿಯ ಕ್ರೂಸ್ ಮಾಡೋಣ ಅಂತ. ಫಾರ್ಮ್ ತುಂಬುವ ಕೆಲಸವನ್ನು ಎಂದಿನಂತೆ ನನ್ನ ತಲೆಗೇ ಕಟ್ಟಿದರು. ಹೆಸರು, ವಯಸ್ಸು, ಆಧಾರ್, ಊಟ ಸಸ್ಯಾಹಾರವೇ ಅಲ್ಲವೇ. ಅಷ್ಟೇ. ಲಸಿಕೆಯ ಕಾಲಂ ಇರಲಿಲ್ಲ. ಉಳಿದವರು ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ನನಗೆ ಮಾತ್ರ 2021ರ ಮಳೆಗಾಲ ನೆನಪಾಯಿತು. ಅದೊಂದು ಕಾಲಂ ತುಂಬಿಸಲು ನಮ್ಮ ಮನೆಯವರೆಲ್ಲ ಒಂದು ತಿಂಗಳು ನಿದ್ದೆಗೆಟ್ಟಿದ್ದೆವು.

ಕಥೆ ಶುರುವಾಗುವುದು ಡೈಮಂಡ್ ಪ್ರಿನ್ಸೆಸ್‌ನಿಂದ. 2020ರ ಜನವರಿ 20ರಂದು ಜಪಾನಿನ ಯೊಕೊಹಾಮಾದಿಂದ ಹೊರಟ ಈ ಹಡಗಿನಿಂದ ಒಬ್ಬ ಪ್ರಯಾಣಿಕರು 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದರು. ಅವರಿಗೆ ಸೋಂಕು ಇದೆಯೆಂದು ಗೊತ್ತಾದದ್ದು ಫೆಬ್ರವರಿ 1ಕ್ಕೆ. ಹಡಗು ಯೊಕೊಹಾಮಾಕ್ಕೆ ಮರಳಿತು. ಮೊದಲು ಕೈಸೇರಿದ 31 ಪರೀಕ್ಷಾ ಫಲಿತಾಂಶಗಳಲ್ಲಿ 10 ಪಾಸಿಟಿವ್. 14 ದಿನ ಯಾರೂ ಇಳಿಯುವಂತಿಲ್ಲ ಎಂದು ಜಪಾನ್ ಹೇಳಿತು. ಕೊನೆಗೆ ಲೆಕ್ಕ ಹಾಕಿದಾಗ ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಸೋಂಕು ತಗುಲಿತ್ತು. ಅವರಲ್ಲಿ 331 ಮಂದಿಗೆ ಪರೀಕ್ಷೆಯ ಹೊತ್ತಿಗೆ ಕೆಮ್ಮು, ಜ್ವರ ಏನೂ ಇರಲಿಲ್ಲ. ಹಣೆಗೆ ಥರ್ಮಾಮೀಟರ್ ಹಿಡಿದು ಒಳಗೆ ಬಿಡುವ ಪದ್ಧತಿ ಎಷ್ಟು ಟೊಳ್ಳು ಎಂದು ಜಗತ್ತಿಗೆ ಮೊದಲು ತೋರಿಸಿದ ಅಂಕಿಗಳಲ್ಲಿ ಇದೂ ಒಂದು.

ಆ ಹದಿನಾಲ್ಕು ದಿನ ಪ್ರಯಾಣಿಕರು ಕ್ಯಾಬಿನ್ನಿನಲ್ಲಿ ಕೂತಿದ್ದರು, ಸರಿ. ಅವರಿಗೆ ಅಡುಗೆ ಮಾಡಿ ಬಾಗಿಲಿಗೆ ತಟ್ಟೆ ಮುಟ್ಟಿಸಿದವರು ಯಾರು? ಸಿಬ್ಬಂದಿ. ಅವರು ಒಂದೇ ಕೋಣೆಯಲ್ಲಿ ಇಬ್ಬಿಬ್ಬರು ಮಲಗಿ, ಒಂದೇ ಮೆಸ್ಸಿನಲ್ಲಿ ಉಂಡು, ದಿನವೂ ಕೆಲಸಕ್ಕೆ ಹೋಗುತ್ತಿದ್ದರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿಯೇ. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನದಲ್ಲಿ 119 ಭಾರತೀಯರು ದೆಹಲಿಗೆ ಬಂದರು, ಮಾನೇಸರದಲ್ಲಿ ಮತ್ತೆ ಹದಿನಾಲ್ಕು ದಿನ ಕಳೆದರು. ಕ್ವಾರಂಟೈನ್ ಎಂಬ ಪದ ಹುಟ್ಟಿದ್ದೇ ಹಡಗುಗಳಿಂದ. ಈಗಿನ ಡುಬ್ರೊವ್ನಿಕ್ ಊರು 1377ರಲ್ಲಿ ಪ್ಲೇಗಿನ ಊರುಗಳಿಂದ ಬಂದವರನ್ನು 30 ದಿನ ಹೊರಗಿರಿಸಿತು. ಮುಂದೆ ಅದೇ 40 ದಿನವಾಗಿ, ಇಟಾಲಿಯನ್ನರ ನಲವತ್ತರಿಂದ ಈ ಹೆಸರು ಬಂತು. ಆರೂವರೆ ಶತಮಾನ ಕಳೆದರೂ ನಮ್ಮ ಕೈಯಲ್ಲಿ ಇದ್ದದ್ದು ಅದೇ ಉಪಾಯ.

ಮಾರ್ಚ್ 14ರಂದು ಅಮೆರಿಕದ ಸಿಡಿಸಿ ಸಂಸ್ಥೆ ಹಡಗು ಯಾನವನ್ನೇ ನಿಲ್ಲಿಸಿತು. ನಮ್ಮ ಹೊಸ ಮಂಗಳೂರು ಬಂದರು ಅದಕ್ಕೂ ಒಂದು ವಾರ ಮೊದಲೇ ವಿದೇಶಿ ಪ್ರವಾಸಿ ಹಡಗೊಂದನ್ನು ಒಳಗೆ ಬಿಡದೆ ಕಳುಹಿಸಿತ್ತು. ಲಕ್ಷಕ್ಕೂ ಮೀರಿ ಸಿಬ್ಬಂದಿ ಸಮುದ್ರದ ಮೇಲೆಯೇ ಸಿಕ್ಕಿಹಾಕಿಕೊಂಡರು. ಮುಂಬೈ ಹತ್ತಿರ ಬಂದು ನಿಂತ ಮರೆಲ್ಲಾ ಡಿಸ್ಕವರಿ ಹಡಗಿನ ಸುಮಾರು 145 ಭಾರತೀಯರಿಗೆ ಸ್ವಂತ ನೆಲ ಕಣ್ಣೆದುರಿಗಿದ್ದರೂ ಕಾಲಿಡಲು ನಿಯಮವಿರಲಿಲ್ಲ. ಏಪ್ರಿಲ್ 21ಕ್ಕೆ ಗೃಹ ಸಚಿವಾಲಯ ಆ ನಿಯಮ ಮಾಡಿತು, 23ಕ್ಕೆ ಅವರು ಇಳಿದರು.

ನನ್ನ ಚಿಕ್ಕಪ್ಪನ ಮಗನೂ ಇಂಥದೇ ಒಂದು ಹಡಗಿನ ಅಡುಗೆಮನೆಯಲ್ಲಿದ್ದ. ಅದು ಬೇರೆ ಹಡಗು. ಜೂನ್ ಕೊನೆಗೆ ಕುಮಟಾ ಮುಟ್ಟಿದ. ಆಮೇಲೆ ಒಂದು ವರ್ಷ ಸಂಬಳವಿಲ್ಲ. ಮನೆ ಕಟ್ಟಲು ತೆಗೆದ ಸಾಲ ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತಿತ್ತು.

ಅಷ್ಟರಲ್ಲಿ ಹಡಗುಗಳು ನಿಧಾನವಾಗಿ ಮೊದಲಾದವು. ಆಗಿನ್ನೂ ಲಸಿಕೆ ಇಲ್ಲ, ಇದ್ದದ್ದು ಪರೀಕ್ಷೆ ಮಾತ್ರ. 2020ರ ಆಗಸ್ಟ್ 16ರಂದು ಇಟಲಿಯ ಜಿನೋವಾದಿಂದ ಹೊರಟ ಎಂಎಸ್‌ಸಿ ಗ್ರಾಂಡಿಯೋಸಾ ಹತ್ತುವ ಪ್ರತಿಯೊಬ್ಬರನ್ನೂ ಪರೀಕ್ಷಿಸಿತು. ಊರು ನೋಡಲು ಇಳಿದರೆ ಹಡಗಿನವರ ಗುಂಪಿನಲ್ಲೇ ಹೋಗಿ ಬರಬೇಕು. ನೇಪಲ್ಸ್ ಬಂದರಿನಲ್ಲಿ ಒಂದು ಕುಟುಂಬ ಗುಂಪು ಬಿಟ್ಟು ತಮ್ಮಷ್ಟಕ್ಕೆ ಅಡ್ಡಾಡಿತು. ಅವರನ್ನು ಮತ್ತೆ ಹಡಗಿಗೆ ಹತ್ತಿಸಿಕೊಳ್ಳಲಿಲ್ಲ. ನಮ್ಮ ಗುಂಪಿನ ಪ್ರವಾಸಗಳಲ್ಲಿ ಸೀರೆ ಅಂಗಡಿಗೆ ನುಗ್ಗುವವರನ್ನು ನೆನೆದು ನಾನು ನಕ್ಕಿದ್ದೆ.

ಸಿಂಗಪುರದ ಘಟನೆ ನನಗೆ ಇನ್ನೂ ಮುಖ್ಯ ಅನಿಸುತ್ತದೆ. 2020ರ ಡಿಸೆಂಬರ್ 7ರಂದು ಕ್ವಾಂಟಮ್ ಆಫ್ ದಿ ಸೀಸ್ ಎಲ್ಲಿಯೂ ನಿಲ್ಲದೆ ಸುತ್ತಿ ಬರುವ ನಾಲ್ಕು ದಿನದ ಪ್ರವಾಸಕ್ಕೆ ಹೊರಟಿತು. ಎಲ್ಲರಿಗೂ ಹತ್ತುವ ಮುಂಚೆ ಪರೀಕ್ಷೆಯಾಗಿತ್ತು. ನಡುವೆ 83 ವರ್ಷದ ಒಬ್ಬರಿಗೆ ಭೇದಿ ಶುರುವಾಗಿ ಹಡಗಿನ ವೈದ್ಯರ ಬಳಿ ಹೋದರು. ಪರೀಕ್ಷೆ ಪಾಸಿಟಿವ್ ಬಂತು. 1,680 ಪ್ರಯಾಣಿಕರು ಕ್ಯಾಬಿನ್ ಸೇರಿದರು, ಹಡಗು ಒಂದು ದಿನ ಮೊದಲೇ ಹಿಂತಿರುಗಿತು. ದಡದಲ್ಲಿ ಅವರಿಗೆ ಮತ್ತೆ ಪರೀಕ್ಷೆ ಮಾಡಿದರು. ಮೂರೂ ಸಲ ನೆಗೆಟಿವ್! ಅವರಿಗೆ ಕೋವಿಡ್ ಇರಲೇ ಇಲ್ಲ.

ಇದರಲ್ಲಿ ಯಾರನ್ನೂ ಬೈಯುವಂತಿಲ್ಲ. ಲೆಕ್ಕ ನೋಡಿ. ಸಾವಿರಕ್ಕೆ ಐದು ಸಲ ಮಾತ್ರ ಸುಳ್ಳು ಪಾಸಿಟಿವ್ ಕೊಡುವ ಒಳ್ಳೆಯ ಪರೀಕ್ಷೆ ಅಂತಲೇ ಇಟ್ಟುಕೊಳ್ಳಿ. ಸೋಂಕೇ ಇಲ್ಲದ 3,000 ಜನರನ್ನು ಪರೀಕ್ಷಿಸಿದರೂ ಹದಿನೈದು ಮಂದಿ ಪಾಸಿಟಿವ್ ಅನ್ನಿಸಿಕೊಳ್ಳುತ್ತಾರೆ. ಇನ್ನೊಂದು ಕಡೆ, ನಿನ್ನೆ ಸೋಂಕು ಹತ್ತಿದವರು ಇಂದು ನೆಗೆಟಿವ್ ಬಂದು ನಾಳೆ ಹಡಗಿನಲ್ಲಿ ಹಂಚಬಹುದು. ಎಂಟೆಕ್ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಂಭಾವ್ಯತೆಯ ಸೂತ್ರ ನನಗೆ ನಿಜವಾಗಿ ಅರ್ಥವಾದದ್ದು ಆ ಸುದ್ದಿ ಓದಿದ ಮೇಲೆ.

ಹಾಗಾಗಿ ಲಸಿಕೆ ಬಂದ ಕೂಡಲೇ ಹಡಗಿನವರು ಅದನ್ನು ಹಿಡಿದುಕೊಂಡರು. 2021ರ ಜನವರಿಯಲ್ಲೇ ಬ್ರಿಟನ್ನಿನ ಸಾಗಾ ಕಂಪನಿ ಎಲ್ಲ ಪ್ರಯಾಣಿಕರಿಗೂ ಲಸಿಕೆ ಕಡ್ಡಾಯ ಎಂದಿತು. ಅವರ ಗಿರಾಕಿಗಳು ಐವತ್ತು ದಾಟಿದವರು, ತಕರಾರು ಬರಲಿಲ್ಲ. ಸಿಡಿಸಿ ಏಪ್ರಿಲ್‌ನಲ್ಲಿ ಎರಡು ದಾರಿ ಕೊಟ್ಟಿತು. ಸಿಬ್ಬಂದಿಯಲ್ಲಿ ಶೇ. 98, ಪ್ರಯಾಣಿಕರಲ್ಲಿ ಶೇ. 95 ಮಂದಿಗೆ ಲಸಿಕೆಯಾಗಿದ್ದರೆ ನೇರವಾಗಿ ಹೊರಡಿ. ಇಲ್ಲವಾದರೆ ಮೊದಲು ಸ್ವಯಂಸೇವಕರನ್ನು ಕೂರಿಸಿಕೊಂಡು ಪ್ರಯೋಗದ ಯಾನ ಮಾಡಿ ತೋರಿಸಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರೊಡಕ್ಷನ್‌ಗೆ ಬಿಡುವ ಮೊದಲಿನ ಟೆಸ್ಟಿಂಗ್! ಜೂನ್ 26ರಂದು ಸೆಲೆಬ್ರಿಟಿ ಎಡ್ಜ್ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟಿತು. ಟಿಕೆಟ್ ಕೊಂಡವರನ್ನು ಕರೆದುಕೊಂಡು ಅಮೆರಿಕದ ಬಂದರಿನಿಂದ ದೊಡ್ಡ ಹಡಗು ಹೊರಟದ್ದು ಹದಿನೈದು ತಿಂಗಳ ನಂತರ.

ಫ್ಲಾರಿಡಾ ರಾಜ್ಯ ಮಾತ್ರ ಗಿರಾಕಿಯಿಂದ ಲಸಿಕೆ ಪತ್ರ ಕೇಳುವುದೇ ತಪ್ಪು, ಕೇಳಿದರೆ ಒಬ್ಬರಿಗೆ 5,000 ಡಾಲರ್ ದಂಡ ಎಂದು ಕಾನೂನು ಮಾಡಿತು. ಕೇಂದ್ರದ ಸಂಸ್ಥೆ ಒಂದು ಹೇಳಿದರೆ ರಾಜ್ಯ ಅದರ ತದ್ವಿರುದ್ಧ. ಕೋರ್ಟುಗಳಲ್ಲಿ ಆ ಜಗಳ ಹಿಂದೆ ಮುಂದೆ ಜಗ್ಗಿತು. ಪತ್ರ ಕೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಜಗಳವೆಲ್ಲ ನಡೆದದ್ದು ಪ್ರಯಾಣಿಕರ ಹಕ್ಕಿನ ಬಗ್ಗೆ. ಸಿಬ್ಬಂದಿಗೆ ಹಕ್ಕಿನ ಪ್ರಶ್ನೆಯೇ ಇರಲಿಲ್ಲ. ಲಸಿಕೆ ಸಿಗುತ್ತದೆಯೇ ಎಂಬುದೇ ಅವರ ಪ್ರಶ್ನೆ.

ನನ್ನ ತಮ್ಮನಿಗೆ ಮೇ ತಿಂಗಳ ಮೊದಲಿಗೆ ಹೇಗೋ ಕೋವಿಶೀಲ್ಡ್ ಮೊದಲ ಡೋಸ್ ಆಗಿತ್ತು. ಎರಡೂ ಆದವರನ್ನು ಮಾತ್ರ ಕರೆಸುತ್ತೇವೆ ಎಂದು ಕಂಪನಿಯಿಂದ ಮೇಲ್ ಬಂತು. ಅದೇ ಮೇ 13ರಂದು ಸರ್ಕಾರ ಎರಡು ಡೋಸ್‌ಗಳ ಅಂತರವನ್ನು 12ರಿಂದ 16 ವಾರಕ್ಕೆ ಏರಿಸಿತು. ಅಂದರೆ ಆಗಸ್ಟ್ ತನಕ ಕಾಯಬೇಕು, ಅಷ್ಟರಲ್ಲಿ ಅವನ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ. ಚಿಕ್ಕಮ್ಮ ದಿನಾ ಫೋನ್ ಮಾಡುತ್ತಿದ್ದರು: "ನೀನು ಕಂಪ್ಯೂಟರ್ ಓದಿದವಳಲ್ವಾ ಮಾರಾಯ್ತಿ, ಅದೊಂದು ಬೇಗ ಬರೋ ಹಾಗೆ ಮಾಡೂಕೆ ಆಗೂದಿಲ್ವಾ?" ಕೋವಿಶೀಲ್ಡ್ ಆಗ ತಯಾರಾಗುತ್ತಿದ್ದದ್ದು ನಮ್ಮ ಪುಣೆಯ ಹಡಪ್ಸರದಲ್ಲಿ, ಆಫೀಸಿಗೆ ಹೋಗುವ ದಾರಿಯಲ್ಲೇ. ಅದು ಅವರಿಗೂ ಗೊತ್ತಿತ್ತು.

ಜೂನ್ 7ರಂದು ಹೊಸ ಸುತ್ತೋಲೆ ಬಂತು. ಓದಲು, ಕೆಲಸಕ್ಕೆ, ಒಲಿಂಪಿಕ್ಸ್‌ಗೆ ಹೊರದೇಶಕ್ಕೆ ಹೋಗುವವರಿಗೆ 28 ದಿನ ಕಳೆದರೆ ಎರಡನೇ ಡೋಸ್ ಕೊಡಬಹುದು. ಪಾಸ್‌ಪೋರ್ಟ್, ಕೆಲಸದ ಪತ್ರ ತೋರಿಸಬೇಕು. ನಮ್ಮ ಆಫೀಸಿನ ಹುಡುಗರು ಕೋವಿನ್‌ನಲ್ಲಿ ಸ್ಲಾಟ್ ತೆರೆದ ಕೂಡಲೇ ಫೋನಿಗೆ ಸಂದೇಶ ಬರುವಂತೆ ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡಿದ್ದರು. ನನ್ನದೂ ಒಂದು ಇತ್ತು. ಇಲ್ಲಿ ಅದರಿಂದ ಏನೂ ಉಪಯೋಗವಾಗಲಿಲ್ಲ. ಅವನು ಕಾಗದಪತ್ರ ಹಿಡಿದು ಮೂರು ದಿನ ಕಚೇರಿಗೆ ಅಲೆದ. ಕೊನೆಗೆ ನರ್ಸಮ್ಮ ಒಬ್ಬರು ಸುತ್ತೋಲೆಯ ಪ್ರಿಂಟ್ ನೋಡಿ ಚುಚ್ಚಿದರು. ನಾನು ಮಾಡಿದ್ದು ಆ ಪ್ರಿಂಟ್‌ಗೆ ಬೇಕಾದ ಪಿಡಿಎಫ್ ಕಳಿಸಿದ್ದು, ಮತ್ತು ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ನಂಬರ್ ಸೇರಿಸಿದ್ದು, ಅಷ್ಟೇ.

ಅವನ ಜೊತೆ ಅದೇ ಹಡಗಿನಲ್ಲಿದ್ದ ಪಕ್ಕದೂರಿನ ಹುಡುಗ ಸಿಕ್ಕಿದ್ದು ಒಳ್ಳೆಯದೆಂದು ಕೋವ್ಯಾಕ್ಸಿನ್ ಹಾಕಿಸಿಕೊಂಡಿದ್ದ. ಎರಡೂ ಡೋಸ್ ಆಗಿದ್ದವು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಕೋವಿಶೀಲ್ಡನ್ನು ಪಟ್ಟಿಗೆ ಸೇರಿಸಿದ್ದು 2021ರ ಫೆಬ್ರವರಿಯಲ್ಲಿ, ಕೋವ್ಯಾಕ್ಸಿನ್ನನ್ನು ನವೆಂಬರ್ 3ರಂದು. ಅಲ್ಲಿಯವರೆಗೆ ಕಂಪನಿಯ ಕಣ್ಣಿಗೆ ಅವನು ಲಸಿಕೆಯೇ ಹಾಕಿಸದವನು. ಒಂದೇ ಆಸ್ಪತ್ರೆಯ ಒಂದೇ ಸಾಲಿನಲ್ಲಿ ನಿಂತವರು. ಆ ದಿನ ಯಾವ ಸೀಸೆ ಬಂದಿತ್ತು ಎಂಬುದರ ಮೇಲೆ ಒಬ್ಬನ ನಾಲ್ಕು ತಿಂಗಳ ಸಂಬಳ ಹೋಯಿತು.

ಒಮಿಕ್ರಾನ್ ಬಂದಾಗ ಎರಡು ಡೋಸ್ ಕೂಡ ಸಾಲದೆ ಹೋಯಿತು. 2022ರ ಜನವರಿ ಆರಂಭದಲ್ಲಿ ಮುಂಬೈಯಿಂದ ಗೋವಾಕ್ಕೆ ಹೋದ ಹಡಗಿನಲ್ಲಿ ಸುಮಾರು 2,000 ಜನರನ್ನು ಪರೀಕ್ಷಿಸಿದಾಗ 66 ಪಾಸಿಟಿವ್ ಬಂದವು. ಪ್ರವಾಸ ಅರ್ಧಕ್ಕೇ ಮುಗಿದು ಹಡಗು ಮುಂಬೈಗೆ ಮರಳಿತು. ಸೋಂಕು ತಡೆಯಲಾಗದಿದ್ದರೂ ಲಸಿಕೆ ಹಾಕಿಸಿಕೊಂಡವರಲ್ಲಿ ಆಸ್ಪತ್ರೆ ಸೇರುವಂತಾದವರು ಕಡಿಮೆ. ಆಮೇಲೆ ನಿಯಮಗಳು ಒಂದೊಂದಾಗಿ ಸಡಿಲವಾದವು. ಹಡಗುಗಳಿಗೆ ಹಸಿರು, ಕಿತ್ತಳೆ, ಹಳದಿ, ಕೆಂಪು ಬಣ್ಣ ಕೊಟ್ಟು ಪ್ರಕಟಿಸುತ್ತಿದ್ದ ಸಿಡಿಸಿ 2022ರ ಜುಲೈ 18ರಂದು ಆ ವ್ಯವಸ್ಥೆಯನ್ನೇ ಮುಚ್ಚಿತು.

ತಮ್ಮ ಈಗ ಮೆಡಿಟರೇನಿಯನ್ ಕಡೆ ಇದ್ದಾನೆ. ಕ್ರೂಸ್ ವಿಷಯ ಹೇಳಿದಾಗ, ದುಡ್ಡು ಕೊಟ್ಟು ಯಾಕೆ ಹತ್ತುತ್ತೀರಿ ಅಕ್ಕಾ ಎಂದು ನಕ್ಕ. ಚಿಕ್ಕಮ್ಮ ಅವನ ಲಸಿಕೆಯ ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಿ, ಮನೆಯ ಪಹಣಿ ಪತ್ರಗಳ ಜೊತೆ ಗೋದ್ರೇಜಿನಲ್ಲಿ ಇಟ್ಟಿದ್ದಾರೆ.