ವಾರಾನ್ನದಿಂದ ಬಿಸಿಯೂಟದವರೆಗೆ: ಭಾಗ್ಯನಗರದ ಅನ್ನಸೇವೆ

ದಾನಗಳಲ್ಲಿ ಅನ್ನದಾನ ಮಿಗಿಲೆಂಬುದು ಹಿರಿಯರ ಮಾತು. ಆ ಅನ್ನವು ಯಾರ ಎಲೆಗೆ ತಲುಪಿತು, ಯಾರ ಬಾಗಿಲಿನವರೆಗೆ ಬರಲಿಲ್ಲ ಎಂಬುದನ್ನು ನೋಡಿದಾಗ ನಮ್ಮ ಸೇವಾಪರಂಪರೆಯ ಹಿರಿಮೆಯೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ.

ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದಿನ ಆಡಳಿತಕ್ಕೆ ಸೇರಿದ್ದವು. 1874ರಲ್ಲಿ ವಾಡಿ–ಸಿಕಂದರಾಬಾದ ರೈಲುಮಾರ್ಗವು ತೆರೆಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಓದಿಗಾಗಿಯೂ ನೌಕರಿಗಾಗಿಯೂ ಕನ್ನಡಿಗರು ರಾಜಧಾನಿಗೆ ಬಂದರು. ಕಾಚಿಗುಡಾದ ಸುತ್ತಮುತ್ತ ಕನ್ನಡದ ಮನೆಗಳು ಬೆಳೆದವು.

ಆ ಕಾಲದಲ್ಲಿ ಊರು ಬಿಟ್ಟು ಓದಲು ಹೊರಟ ಬಡ ವಿದ್ಯಾರ್ಥಿಗೆ ನಮ್ಮ ನಾಡಿನಲ್ಲಿದ್ದ ಆಸರೆಯೆಂದರೆ ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳು. ಸೋಮವಾರ ಒಬ್ಬರಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ ಊಟ. ಒಂದು ಮನೆ ಕಡಿಮೆ ಬಿದ್ದರೆ ಆ ದಿನ ನೀರೇ ಗತಿ; ಆ ಮನೆಯಲ್ಲಿ ಸೂತಕ ಬಂದರೂ ಅದೇ ಪಾಡು. ಏಕಾದಶಿಯ ಉಪವಾಸ ಎಲ್ಲರಿಗೂ ಸಮಾನ. ಆದರೆ ಮರುದಿನ ಪಾರಣೆ ಎಲ್ಲಿ ಎಂಬ ಚಿಂತೆ ವಾರಾನ್ನದ ಹುಡುಗನಿಗೆ ಮಾತ್ರ. ತಮ್ಮ ಮಕ್ಕಳಿಗೇ ಸಾಲದಿದ್ದಾಗಲೂ ಇನ್ನೊಂದು ಎಲೆ ಹಾಕಿದ ತಾಯಂದಿರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲ. ಅವರ ಅನ್ನ ಉಂಡವರು ಶಿಕ್ಷಕರಾದರು, ವಕೀಲರಾದರು, ಅಧಿಕಾರಿಗಳಾದರು.

ಆದರೂ ಒಂದು ಮಾತನ್ನು ಮರೆಮಾಚಲಾಗದು. ವಾರಾನ್ನವು ಬಹುಮಟ್ಟಿಗೆ ತಮ್ಮವರ ಗಂಡುಮಕ್ಕಳಿಗಷ್ಟೇ ಇತ್ತು. ಅದೇ ಬೀದಿಯಲ್ಲಿ ಹಸಿದಿದ್ದ ಬೇರೆ ಮಕ್ಕಳಿಗೆ ಆ ಪಂಕ್ತಿಯಲ್ಲಿ ಸ್ಥಳವಿರಲಿಲ್ಲ.

ಹಸಿವಿಗೆ ಕುಲವಿಲ್ಲವೆಂಬುದನ್ನು ಈ ನಗರವು 1908ರ ಸೆಪ್ಟೆಂಬರ್ 28ರಂದೇ ಕಂಡಿತ್ತು. ಅಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿ ಒಯ್ದಿತು. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಹುಣಸೆಮರವನ್ನು ಹತ್ತಿ ಸುಮಾರು 150 ಜನ ಬದುಕಿದರು. ಆ ಮರವು ಯಾರ ಗೋತ್ರವನ್ನೂ ಕೇಳಲಿಲ್ಲ. ಮುಂದೆ ಕನ್ನಡಿಗರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಯೋಜನೆಯಿಂದ ನಗರಕ್ಕೆ ಪ್ರವಾಹದಿಂದ ರಕ್ಷಣೆ ದೊರೆಯಿತು.

ಶ್ರೀಮದಾಚಾರ್ಯರು ಗೀತಾವ್ಯಾಖ್ಯಾನದಲ್ಲಿ ಜನರ ಸೇವೆಯನ್ನು ಪ್ರಜೆಯು ಅರಸನಿಗೆ ಸಲ್ಲಿಸುವ ಕಂದಾಯಕ್ಕೆ ಹೋಲಿಸಿದ್ದಾರೆ. ಕಂದಾಯವು ದಯೆಯಲ್ಲ, ಸಲ್ಲಬೇಕಾದ ಬಾಕಿ. ಈ ತತ್ತ್ವವನ್ನು ನಮ್ಮ ಕಾಲದಲ್ಲಿ ಆಚರಿಸಿ ತೋರಿದವರು 2019ರಲ್ಲಿ ಹರಿಪಾದ ಸೇರಿದ ಪೇಜಾವರ ಮಠದ ಶ್ರೀವಿಶ್ವೇಶತೀರ್ಥ ಶ್ರೀಪಾದಂಗಳವರು. 1977ರ ನವೆಂಬರ್‌ನಲ್ಲಿ ಚಂಡಮಾರುತವು ಆಂಧ್ರದ ದಿವಿಸೀಮೆಯನ್ನು ಧ್ವಂಸಮಾಡಿದಾಗ, ಕೃಷ್ಣೆಯು ಕಡಲು ಸೇರುವ ಹಂಸಲದೀವಿಯಲ್ಲಿ ಅವರು ಸಂತ್ರಸ್ತರಿಗೆ ಮನೆಗಳನ್ನು ಕಟ್ಟಿಸಿದರು. ಸಂಪ್ರದಾಯಸ್ಥರ ಟೀಕೆ ಎದುರಾದರೂ ದಲಿತರ ಕೇರಿಗಳಿಗೆ ನಡೆದು ಹೋದರು.

2000ದಲ್ಲಿ ಬೆಂಗಳೂರಿನ ಇಸ್ಕಾನ್ ಭಕ್ತರು 5 ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ನೀಡುತ್ತ ಅಕ್ಷಯಪಾತ್ರೆಯನ್ನು ಆರಂಭಿಸಿದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಬೇಯಿಸಿದ ಊಟ ನೀಡಬೇಕೆಂದು ಆದೇಶಿಸಿತು. ಪ್ರತಿ ಮಗುವಿಗೆ ದಿನಕ್ಕೆ ಕನಿಷ್ಠ 300 ಕ್ಯಾಲೊರಿ, ವರ್ಷಕ್ಕೆ ಕನಿಷ್ಠ 200 ದಿನ. ಅವಿಭಜಿತ ಆಂಧ್ರಪ್ರದೇಶದಲ್ಲಿ 2003ರ ಜನವರಿಯಿಂದ ಅದು ಜಾರಿಗೆ ಬಂದಿತು. 2014ರಲ್ಲಿ ಹೈದರಾಬಾದ ಮಹಾನಗರಪಾಲಿಕೆಯು ಹರೇಕೃಷ್ಣ ಭಕ್ತರ ಸಹಕಾರದಿಂದ 5 ರೂಪಾಯಿಯ ಊಟವನ್ನು ಆರಂಭಿಸಿತು. ಕೂಲಿಯವರು, ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಓದುವ ಹುಡುಗರು ಒಂದೇ ಸಾಲಿನಲ್ಲಿ ನಿಂತರು.

ಶಾಲೆಯ ಊಟ ಇಂದು ಮಗುವಿನ ಹಕ್ಕು. ಹಾಗಾದರೆ ಭಕ್ತರ ಪಾಲಿಗೆ ಉಳಿದ ಕೆಲಸವೇನು? ರಜೆಯ ದಿನಗಳ ಹಸಿವು, ಪುಸ್ತಕ, ಶುಲ್ಕ, ಸಂಜೆಯ ಪಾಠ, ಓದು ಬಿಡುವ ಹೆಣ್ಣುಮಗಳಿಗೊಂದು ಆಸರೆ — ಇವೆಲ್ಲ ಇನ್ನೂ ಬಾಕಿಯಿವೆ. ವಾರಕ್ಕೊಂದು ದಿನ ಒಂದು ಮಗುವಿನ ಹೊಣೆ ಹೊರುವುದೇ ವಾರಾನ್ನದ ತಿರುಳಾಗಿತ್ತು. ಅಂದಿನ ತಾಯಂದಿರು ಒಂದು ಎಲೆಯನ್ನು ಹೆಚ್ಚಿಗೆ ಹಾಕಿದರು. ಇಂದಿನ ಭಕ್ತಕುಟುಂಬಗಳು ಆ ಪಂಕ್ತಿಯನ್ನು ಉದ್ದಮಾಡಬೇಕಾಗಿದೆ.

ಶ್ರೀಕೃಷ್ಣಾರ್ಪಣಮಸ್ತು.