ಈವ್ ಆನ್‌ಲೈನ್: ನೌಕಾರಕ್ಷಣೆಯ ಇತಿಹಾಸ

ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ ಸಂಸ್ಥೆ 2003ರ ಮೇ ತಿಂಗಳಲ್ಲಿ ಹೊರತಂದ ಬಾಹ್ಯಾಕಾಶ ಆಟ ಈವ್ ಆನ್‌ಲೈನ್‌ನಲ್ಲಿ ಒಮ್ಮೆ ನಾಶವಾದ ನೌಕೆ ಮರಳಿ ಸಿಗುವುದಿಲ್ಲ. ವಿಮೆಯಿಂದ ಒಂದಿಷ್ಟು ಹಣ ಬಂದರೂ ಹೊಸ ನೌಕೆಯನ್ನು ಕೊಂಡು, ಮತ್ತೆ ಸಜ್ಜುಗೊಳಿಸಬೇಕು. ಹಾಗಾಗಿ ಆಕ್ರಮಣದಷ್ಟೇ ರಕ್ಷಣೆಯ ಆಯ್ಕೆಯೂ ಆಟಗಾರರಿಗೆ ಮುಖ್ಯವಾಯಿತು. ಆಡುಮಾತಿನಲ್ಲಿ ಇದಕ್ಕೆ 'ಟ್ಯಾಂಕ್' ಎನ್ನುತ್ತಾರೆ.

ಪ್ರತಿ ನೌಕೆಗೂ ಶೀಲ್ಡ್, ಆರ್ಮರ್, ಹಲ್ ಎಂಬ ಮೂರು ಪದರಗಳಿವೆ. ಶೀಲ್ಡ್ ತಾನಾಗಿಯೇ ತುಂಬಿಕೊಳ್ಳುತ್ತದೆ. ಆರ್ಮರ್ ಅನ್ನು ದುರಸ್ತಿ ಮಾಡಬೇಕು. ಶೀಲ್ಡ್ ಉಪಕರಣಗಳು ಹೆಚ್ಚಾಗಿ ನೌಕೆಯ ಮಧ್ಯದ ಸ್ಲಾಟ್‌ಗಳಲ್ಲಿ (ಉಪಕರಣ ಜೋಡಿಸುವ ಜಾಗಗಳಲ್ಲಿ) ಕೂರುವುದರಿಂದ ಶತ್ರುವನ್ನು ಹಿಡಿದು ನಿಲ್ಲಿಸುವ ಸಾಧನಗಳಿಗೆ ಜಾಗ ಕಡಿಮೆಯಾಗುತ್ತದೆ. ಆರ್ಮರ್ ಉಪಕರಣಗಳು ಕೆಳಗಿನ ಸ್ಲಾಟ್‌ಗಳನ್ನು ಹಿಡಿಯುವುದರಿಂದ ಹೊಡೆತದ ಬಲ ಹೆಚ್ಚಿಸುವ ಸಾಧನಗಳನ್ನು ಬಿಡಬೇಕಾಗುತ್ತದೆ. ಶೀಲ್ಡ್ ಎಕ್ಸ್‌ಟೆಂಡರ್ ಹಾಕಿದ ನೌಕೆ ಗುರಿಗೆ ಸುಲಭವಾಗಿ ಸಿಗುತ್ತದೆ. ಆರ್ಮರ್ ಪ್ಲೇಟ್ ಹೊತ್ತ ನೌಕೆ ನಿಧಾನವಾಗುತ್ತದೆ.

ಒಬ್ಬೊಬ್ಬರೇ ಆಡುವಾಗ ಬಳಕೆಗೆ ಬಂದದ್ದು ಸಕ್ರಿಯ ಟ್ಯಾಂಕ್. ಇದರಲ್ಲಿ ನೌಕೆಯ ಕೆಪ್ಯಾಸಿಟರ್ ಶಕ್ತಿಯಿಂದ ಶೀಲ್ಡ್ ಬೂಸ್ಟರ್ ಅಥವಾ ಆರ್ಮರ್ ರಿಪೇರರ್ ನಡೆಯುತ್ತದೆ. ಕಂಪ್ಯೂಟರ್ ನಡೆಸುವ ಶತ್ರುಗಳ ಎದುರು ಇದು ಸಾಲುತ್ತಿತ್ತು. ಮನುಷ್ಯರ ಎದುರು ಎರಡು ದೋಷಗಳು ಬಯಲಾದವು: ಎದುರಾಳಿ ನ್ಯೂಟ್ರಲೈಸರ್‌ನಿಂದ ಕೆಪ್ಯಾಸಿಟರ್ ಬರಿದು ಮಾಡಿದರೆ ದುರಸ್ತಿ ನಿಲ್ಲುತ್ತದೆ, ಹಲವರು ಒಟ್ಟಿಗೆ ಹೊಡೆದರೆ ದುರಸ್ತಿ ಹಾನಿಯ ಹಿಂದೆ ಬೀಳುತ್ತದೆ.

2006ರ ನವೆಂಬರ್‌ನಲ್ಲಿ ಬಂದ 'ರೆವಲೇಷನ್ಸ್' ವಿಸ್ತರಣೆ ನೌಕೆಗೆ ಜೋಡಿಸುವ ರಿಗ್ ಎಂಬ ಭಾಗಗಳನ್ನೂ ಡ್ರೇಕ್ ಎಂಬ ಬ್ಯಾಟಲ್‌ಕ್ರೂಸರ್ ಅನ್ನೂ ತಂದಿತು. ಆಟದ ನಿಯಮದಂತೆ ಶೀಲ್ಡ್ ಸುಮಾರು ಕಾಲು ಭಾಗ ಉಳಿದಾಗ ಅದು ಅತಿ ವೇಗವಾಗಿ ತುಂಬುತ್ತದೆ. ಈ ನಿಯಮವನ್ನೇ ನೆಚ್ಚಿದ, ಕೆಪ್ಯಾಸಿಟರ್ ಬೇಡದ ನಿಷ್ಕ್ರಿಯ ಟ್ಯಾಂಕ್‌ಗೆ ಡ್ರೇಕ್ ಹೆಸರಾಯಿತು.

ನೂರಾರು ನೌಕೆಗಳ ಕಾಳಗಗಳಲ್ಲಿ ಗೆದ್ದದ್ದು ಬಫರ್ ಟ್ಯಾಂಕ್. ಮೊದಲ ಹೊಡೆತಗಳನ್ನು ತಡೆದುಕೊಳ್ಳುವಷ್ಟು ಶೀಲ್ಡ್ ಅಥವಾ ಆರ್ಮರ್ ತುಂಬಿಸಿ, ದುರಸ್ತಿಯನ್ನು ಜೊತೆಗಿರುವ ಲಾಜಿಸ್ಟಿಕ್ಸ್ ನೌಕೆಗಳಿಗೆ ಬಿಡುವ ಕ್ರಮ ಇದು. ಶೀಲ್ಡ್ ದುರಸ್ತಿಯ ಉಪಕರಣ ಆರ್ಮರ್‌ಗೆ ಆಗಿಬರದ ಕಾರಣ ಇಡೀ ಪಡೆ ಒಂದೇ ಬಗೆಯ ರಕ್ಷಣೆಗೆ ಒಪ್ಪಬೇಕಾಯಿತು. ಹೀಗೆ ಒಬ್ಬ ಆಟಗಾರನ ಆಯ್ಕೆ ಪಡೆಯ ಕಟ್ಟಳೆಯಾಯಿತು. ಇದಕ್ಕೆ ಎದುರಾಳಿಗಳು ಕಂಡುಕೊಂಡ ಉತ್ತರ, ಎಲ್ಲರೂ ಒಂದೇ ಕ್ಷಣಕ್ಕೆ ಗುಂಡು ಹಾರಿಸಿ ದುರಸ್ತಿ ತಲುಪುವ ಮೊದಲೇ ನೌಕೆಯನ್ನು ಒಡೆಯುವುದು.

ಹಾನಿಯಲ್ಲಿ ವಿದ್ಯುತ್ಕಾಂತೀಯ, ಉಷ್ಣ, ಚಲನ, ಸ್ಫೋಟಕ ಎಂದು ನಾಲ್ಕು ಬಗೆಗಳಿವೆ. ಸಾಮಾನ್ಯವಾಗಿ ಶೀಲ್ಡ್ ಮೊದಲನೆಯದಕ್ಕೆ, ಆರ್ಮರ್ ಕೊನೆಯದಕ್ಕೆ ಸೋಲುತ್ತದೆ. ಒಂದೇ ಬಗೆಯ ಹಾನಿಗೆ ಪ್ರತಿರೋಧ ಹೆಚ್ಚಿಸಲು ಎರಡನೇ ಉಪಕರಣ ಸೇರಿಸಿದರೆ ಅದರ ಫಲ ಶೇ. 87ಕ್ಕೆ, ಮೂರನೆಯದರದು ಶೇ. 57ಕ್ಕೆ ಇಳಿಯುತ್ತದೆ. ಈ ಲೆಕ್ಕ ಹಾಕಲು ಆಟಗಾರರೇ ಇಎಫ್‌ಟಿ, ಪೈಫಾದಂಥ ತಂತ್ರಾಂಶಗಳನ್ನು ಬರೆದರು.

2012ರ 'ಇನ್‌ಫರ್ನೊ' ವಿಸ್ತರಣೆಯ ಆನ್ಸಿಲರಿ ಶೀಲ್ಡ್ ಬೂಸ್ಟರ್, ತನ್ನಲ್ಲಿ ತುಂಬಿದ ಕಾರ್ಟ್ರಿಜ್ ಇರುವಷ್ಟು ಹೊತ್ತು ಕೆಪ್ಯಾಸಿಟರ್ ಇಲ್ಲದೆ ನಡೆದು, ಸಣ್ಣ ಗುಂಪುಗಳಲ್ಲಿ ಸಕ್ರಿಯ ಟ್ಯಾಂಕ್‌ಗೆ ಮತ್ತೆ ಜೀವ ಕೊಟ್ಟಿತು. 2016ರಲ್ಲಿ ಎಲ್ಲ ನೌಕೆಗಳ ಹಲ್‌ಗೂ ಮೂಲದಲ್ಲೇ ಶೇ. 33 ಪ್ರತಿರೋಧ ಸಿಕ್ಕಿತು. ಪ್ರತಿ ಬದಲಾವಣೆಯೂ ಹಿಂದಿನ ಲೆಕ್ಕವನ್ನು ಕೆಡಿಸಿದ್ದರಿಂದ ಈ ಆಟದಲ್ಲಿ ಯಾವ ರಕ್ಷಣಾ ಕ್ರಮವೂ ಬಹುಕಾಲ ಅಜೇಯವಾಗಿ ಉಳಿದಿಲ್ಲ.